ಮನೆಯ ಹಳೆಯ ನೆಗೆಟಿವ್‌ಗಳನ್ನು ಉಳಿಸಿಕೊಳ್ಳುವುದು, ಸ್ಕ್ಯಾನ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಂಕಿನ ತಳದಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ಮದುವೆ ಆಲ್ಬಮ್ಮಿನ ಹಿಂದಿನ ಜೇಬಿನಲ್ಲಿ ನೆಗೆಟಿವ್ ಸಿಕ್ಕವರು ಕೇಳುವ ಪ್ರಶ್ನೆಗಳಿವು. ನಮ್ಮ ಹವೆಯನ್ನು, ಅದರಲ್ಲೂ ಮಲೆನಾಡು ಮತ್ತು ಕರಾವಳಿಯ ಮಳೆಗಾಲವನ್ನು ಗಮನದಲ್ಲಿಟ್ಟುಕೊಂಡು ಉತ್ತರಿಸಿದ್ದೇನೆ. ಅವಸರದಲ್ಲಿರುವವರು ಬೂಷ್ಟು ಮತ್ತು ಹುಳಿ ವಾಸನೆಯ ಪ್ರಶ್ನೆಗಳನ್ನು ಮೊದಲು ಓದಿ.

ಪ್ರಿಂಟ್‌ಗಳು ಆಲ್ಬಮ್ಮಿನಲ್ಲಿ ಚೆನ್ನಾಗಿಯೇ ಇವೆ. ನೆಗೆಟಿವ್ ಏಕೆ ಬೇಕು?

ನೆಗೆಟಿವ್‌ನಲ್ಲಿ ಇರುವುದರಲ್ಲಿ ಒಂದು ಪಾಲು ಮಾತ್ರ ಪ್ರಿಂಟ್‌ಗೆ ಇಳಿದಿರುತ್ತದೆ. ಸ್ಟುಡಿಯೊದವರು ಡಾರ್ಕ್‌ರೂಮಿನಲ್ಲಿ ಮುಖಕ್ಕೆ ಹೊಂದುವಷ್ಟು ಬೆಳಕು ಕೊಟ್ಟು ಮುದ್ರಿಸುತ್ತಿದ್ದರು. ಬಿಳಿ ಪಂಚೆಯ ಮಡಿಕೆ, ಶಲ್ಯದ ಅಂಚು, ಬಾಸಿಂಗದ ಮುತ್ತುಗಳು ಬರೀ ಬಿಳಿಯಾಗಿ ಹೋದರೂ, ಹಿಂದಿನ ಸಾಲಿನವರು ಕತ್ತಲಲ್ಲಿ ಮುಳುಗಿದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅದೇ ನೆಗೆಟಿವ್ ಅನ್ನು ಈಗ ಸರಿಯಾಗಿ ಸ್ಕ್ಯಾನ್ ಮಾಡಿದರೆ ಶಲ್ಯದ ಅಂಚೂ ಕಾಣುತ್ತದೆ, ಕಂಬದ ಮರೆಯಲ್ಲಿ ನಿಂತವರ ಮುಖವೂ ಕಾಣುತ್ತದೆ.

ಇನ್ನೊಂದು ಕಾರಣ ಅಂಚು. ಕಾಗದದ ಅಳತೆಗೆ ಹೊಂದಿಸಲು ಪ್ರಿಂಟ್ ಹಾಕುವಾಗ ಸುತ್ತಲಿನ ಭಾಗವನ್ನು ಕತ್ತರಿಸುವುದು ವಾಡಿಕೆಯಾಗಿತ್ತು. ಹಾಗೆ ಬಿಟ್ಟುಹೋದವರು ಹೆಚ್ಚಾಗಿ ಬಾಗಿಲ ಬಳಿ ನಿಂತ ಮಕ್ಕಳು, ಅಡುಗೆಯವರು, ಚಿತ್ರಕ್ಕೆ ಯಾರೂ ಕರೆಯದ ಅಜ್ಜಿ. ಅವರನ್ನು ಮರಳಿ ಪಡೆಯಲು ನೆಗೆಟಿವ್ ಬಿಟ್ಟರೆ ಬೇರೆ ದಾರಿಯಿಲ್ಲ.

ಡಬ್ಬಿ ಈಗಷ್ಟೇ ಸಿಕ್ಕಿದೆ. ಮೊದಲು ಏನು ಮಾಡಲಿ?

ಒರೆಸಬೇಡಿ, ತೊಳೆಯಬೇಡಿ, ಬಿಸಿಲಿಗೆ ಹಾಕಬೇಡಿ. ಇದ್ದ ಕ್ರಮದಲ್ಲಿಯೇ ಒಂದೊಂದನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸ್ಟುಡಿಯೊ ಕವರಿನ ಮೇಲಿನ ಕ್ರಮಸಂಖ್ಯೆ, ಊರು, ತಾರೀಖು, ಪೆನ್ಸಿಲ್‌ನಲ್ಲಿ ಗೀಚಿದ ಹೆಸರು ಎಲ್ಲವೂ ಮುಂದೆ ಬೇಕಾಗುತ್ತವೆ. ಕವರ್ ಹರಿದಿದ್ದರೂ ಎಸೆಯಬೇಡಿ. ರಬ್ಬರ್ ಬ್ಯಾಂಡ್ ಮತ್ತು ಕಬ್ಬಿಣದ ಕ್ಲಿಪ್ ಇದ್ದರೆ ಅಂದೇ ತೆಗೆಯಿರಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯ ಚಿತ್ರವನ್ನು ಕೆಡಿಸುತ್ತದೆ, ಕ್ಲಿಪ್ ತುಕ್ಕು ಹಿಡಿಯುತ್ತದೆ.

ಬಳಿಕ ಮೂರು ಗುಂಪು ಮಾಡಿ: ಬೂಷ್ಟು ಹಿಡಿದವು, ಹುಳಿ ವಾಸನೆ ಬರುವವು, ಚೆನ್ನಾಗಿರುವವು. ಇವು ಮತ್ತೆ ಒಂದೇ ಡಬ್ಬಿಗೆ ಹೋಗಬಾರದು.

ಯಾವ ಕಾಲದ್ದು ಎಂದು ತಿಳಿಯುವುದು ಹೇಗೆ?

ಗಾತ್ರ ಮತ್ತು ಅಂಚಿನ ಬರಹ ನೋಡಿ. ಸುಮಾರು ಆರು ಸೆಂಟಿಮೀಟರ್ ಚೌಕದ ದೊಡ್ಡ ನೆಗೆಟಿವ್ ಆಗಿದ್ದರೆ ಅದು 120 ಫಿಲ್ಮ್. ಒಂದು ರೀಲಿಗೆ 12 ಚಿತ್ರ. ನಮ್ಮ ಮಧ್ಯಮವರ್ಗದ ಅನೇಕ ಮನೆಗಳಲ್ಲಿ ಅದನ್ನು ತೆಗೆದದ್ದು ಆಗ್ಫಾ ಕ್ಲಿಕ್‌ನಂಥ ಕ್ಯಾಮೆರಾ. ಅಂಚಿನಲ್ಲಿ ಸಾಲು ತೂತುಗಳಿದ್ದು ಚಿತ್ರ 24×36 ಮಿಲಿಮೀಟರ್ ಇದ್ದರೆ 35 ಎಂಎಂ. ಯಾಶಿಕಾ, ಹಾಟ್ ಶಾಟ್, ಕೊಡಕ್ ಕೆಬಿ-10 ಇವುಗಳ ಕಾಲದ್ದು. ಅದೇ ಬಗೆಯ ಫಿಲ್ಮ್ ಪಟ್ಟಿಯಲ್ಲಿ ಅರ್ಧ ಗಾತ್ರದ ಚಿತ್ರಗಳಿದ್ದರೆ ಹಾಫ್ ಫ್ರೇಮ್ ಕ್ಯಾಮೆರಾ ಬಳಸಿದ್ದಾರೆ, 36 ಚಿತ್ರದ ರೀಲಿನಲ್ಲಿ 72 ತೆಗೆದಿದ್ದಾರೆ.

ಅಂಚಿನಲ್ಲಿ ‘ಇಂದು’ ಎಂಬ ಹೆಸರು ಕಂಡರೆ ಅದು ನಮ್ಮ ನೆರೆಯ ಉದಕಮಂಡಲದಲ್ಲಿ ತಯಾರಾದದ್ದು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಅದನ್ನು ತಯಾರಿಸುತ್ತಿತ್ತು. ಕಿತ್ತಳೆ ಬಣ್ಣದ ತಳವಿದ್ದು ಅಂಚಿನಲ್ಲಿ ಸಿ-41 ಎಂದಿದ್ದರೆ 1972ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆ ಸಂಸ್ಕರಣ ವಿಧಾನ ಬಂದದ್ದೇ ಆ ವರ್ಷ. ಹೊಳೆಯುವ ಬದಿ ನಿಮ್ಮ ಕಡೆಗಿದ್ದಾಗ ಅಂಚಿನ ಅಕ್ಷರಗಳು ನೇರವಾಗಿ ಓದಿಸಿಕೊಳ್ಳುತ್ತವೆ. ಮಂಕಾದ ಬದಿಯಲ್ಲಿ ಚಿತ್ರವನ್ನು ಹೊತ್ತ ಜೆಲಾಟಿನ್ ಲೇಪವಿದೆ. ಅದನ್ನು ಬೆರಳಿನಿಂದ ಮುಟ್ಟಬೇಡಿ.

ಡಬ್ಬಿ ತೆರೆದರೆ ಹುಳಿ ವಾಸನೆ ಹೊಡೆಯುತ್ತದೆ. ಏನದು?

ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವೇ ಅದು. ಫಿಲ್ಮ್‌ನ ತಳಪದರವಾದ ಸೆಲ್ಯುಲೋಸ್ ಅಸಿಟೇಟ್ ಶಾಖಕ್ಕೂ ತೇವಕ್ಕೂ ಒಡೆಯುತ್ತಾ ಆಮ್ಲ ಬಿಡುತ್ತದೆ. ಆ ಆಮ್ಲವೇ ಒಡೆಯುವ ವೇಗವನ್ನು ಹೆಚ್ಚಿಸುತ್ತದೆ. ಹಾಗಾಗಿ ಮುಚ್ಚಿದ ತಗಡಿನ ಡಬ್ಬಿ ಇದಕ್ಕೆ ಅತಿ ಕೆಟ್ಟ ಜಾಗ. ಮೊದಲು ಫಿಲ್ಮ್ ಮುರುಟುತ್ತದೆ, ಆಮೇಲೆ ತಳ ಕುಗ್ಗಿ, ಕುಗ್ಗದ ಲೇಪ ಅದರ ಮೇಲೆ ನೆರಿಗೆ ನೆರಿಗೆಯಾಗಿ ಏಳುತ್ತದೆ. ನೆರಿಗೆ ಎದ್ದ ಮೇಲೆ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

ಶುರುವಾದದ್ದನ್ನು ನಿಲ್ಲಿಸಲಾಗದು, ನಿಧಾನಗೊಳಿಸಬಹುದು. ಆ ಪಟ್ಟಿಗಳನ್ನು ಬೇರೆಯಾಗಿಸಿ, ಕಾಗದದ ಕವರಿನಲ್ಲಿಟ್ಟು, ಗಾಳಿಯಾಡುವ ತಂಪು ಜಾಗಕ್ಕೆ ಒಯ್ಯಿರಿ. ಸ್ಕ್ಯಾನ್ ಸಾಲಿನಲ್ಲಿ ಮೊದಲ ಜಾಗ ಅವಕ್ಕೇ ಕೊಡಿ. ಸಂಗ್ರಹ ದೊಡ್ಡದಿದ್ದರೆ ಎ-ಡಿ ಸ್ಟ್ರಿಪ್ ಎಂಬ ಪರೀಕ್ಷಾ ಕಾಗದ ಸಿಗುತ್ತದೆ. ಆಮ್ಲ ಹೆಚ್ಚಿದಂತೆ ಅದು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ.

ಹಳೆಯ ಫಿಲ್ಮ್ ತಾನಾಗಿ ಹೊತ್ತಿಕೊಳ್ಳುತ್ತದೆ ಎನ್ನುತ್ತಾರೆ. ನಿಜವೇ?

ನೈಟ್ರೇಟ್ ಫಿಲ್ಮ್‌ನ, ಅಂದರೆ ಸೆಲ್ಯುಲೋಸ್ ನೈಟ್ರೇಟ್ ತಳದ ಹಳೆಯ ಫಿಲ್ಮ್‌ನ ವಿಷಯದಲ್ಲಿ ಆ ಭಯಕ್ಕೆ ಆಧಾರವಿದೆ. ಅದು ಬಹು ಬೇಗ ಹೊತ್ತಿಕೊಳ್ಳುತ್ತದೆ, ಉರಿಯಲು ಹೊರಗಿನ ಆಮ್ಲಜನಕವೂ ಬೇಕಿಲ್ಲ. ಕೊಡಕ್ ಅದರ ತಯಾರಿಕೆಯನ್ನು 1951ರ ಹೊತ್ತಿಗೆ ನಿಲ್ಲಿಸಿತು. ಅಂಚಿನಲ್ಲಿ ‘ಸೇಫ್ಟಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ನಿಶ್ಚಿಂತೆಯಿಂದಿರಿ. ಆ ಗುರುತಿಲ್ಲದೆ 1950ಕ್ಕಿಂತ ಹಿಂದಿನದಾಗಿದ್ದು, ಅಂಬರಿನಂತೆ ಹಳದಿ ಬಿದ್ದು ಅಂಟಂಟಾಗಿದ್ದರೆ ಬೆಂಕಿ, ಬಿಸಿಲು, ಗ್ಯಾಸ್ ಒಲೆ ಎಲ್ಲದರಿಂದ ದೂರ ಇಡಿ, ಅಂಚೆಯಲ್ಲಿ ಕಳಿಸಬೇಡಿ, ಸಂರಕ್ಷಣಾ ತಜ್ಞರನ್ನು ಕೇಳಿ. ಸುಟ್ಟು ಪರೀಕ್ಷಿಸುವ ಸಾಹಸ ಖಂಡಿತ ಬೇಡ.

ಬೂಷ್ಟು ಹಿಡಿದಿದೆ. ನೀರಿನಲ್ಲಿ ತೊಳೆಯಬಹುದೇ?

ಬೇಡ. ಈ ಪುಟದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೂಷ್ಟು ಜೆಲಾಟಿನ್ ತಿಂದು ಬೆಳೆಯುತ್ತದೆ. ತಿನ್ನುವಾಗ ಅದು ಬಿಡುವ ರಸಗಳು ಜೆಲಾಟಿನ್ ಅನ್ನು ನೀರಿನಲ್ಲಿ ಕರಗುವಂತೆ ಮಾಡಿಬಿಟ್ಟಿರುತ್ತವೆ. ಆರೋಗ್ಯವಾದ ಫಿಲ್ಮ್ ನೀರಿನಲ್ಲಿ ಉಬ್ಬಿ ಮತ್ತೆ ಒಣಗುತ್ತದೆ. ಬೂಷ್ಟು ತಿಂದ ಫಿಲ್ಮ್ ಹಾಗಲ್ಲ, ಚಿತ್ರವೇ ಕರಗಿ ನೀರಿನೊಡನೆ ಹೋಗುತ್ತದೆ. ಒದ್ದೆ ಹತ್ತಿಯಲ್ಲಿ ಒರೆಸಿದರೂ ಅದೇ ಗತಿ.

ಮೊದಲು ಒಣಗಿಸಿ. ನೆರಳಿನಲ್ಲಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಕೆಲವು ದಿನ ಇಟ್ಟರೆ ಬೂಷ್ಟು ಹುಡಿಯಾಗುತ್ತದೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆದು ಕುಂಚದಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ತಳ್ಳಿ. ಅಷ್ಟಕ್ಕೇ ಅರ್ಧ ಕೆಲಸವಾಗುತ್ತದೆ. ಉಳಿದದ್ದಕ್ಕೆ ಶೇಕಡ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಫಿಲ್ಮ್‌ಗೆಂದೇ ಮಾರುವ ಕ್ಲೀನರ್ ಬಳಸಿ. ಔಷಧಿ ಅಂಗಡಿಯ ಶೇಕಡ 70ರದ್ದು ಬೇಡ, ಅದರ ಉಳಿದ ಭಾಗ ನೀರು. ಸ್ಯಾನಿಟೈಜರ್ ಅಂತೂ ಮುಟ್ಟಿಸಲೇಬೇಡಿ. ನೂಲು ಬಿಡದ ಬಟ್ಟೆಗೆ ಎರಡು ಹನಿ ಹಾಕಿ, ಮೊದಲು ಹೊಳೆಯುವ ಬದಿಯ ಮೂಲೆಯೊಂದರಲ್ಲಿ ಪರೀಕ್ಷಿಸಿ. ಬಟ್ಟೆಗೆ ಬಣ್ಣ ಹತ್ತಿದರೆ ನಿಲ್ಲಿಸಿ.

ಬೂಷ್ಟು ತಿಂದ ಜಾಗದಲ್ಲಿ ಜೇಡರ ಬಲೆಯಂಥ ಕವಲುಗೆರೆಗಳು ಉಳಿಯುತ್ತವೆ. ಅಲ್ಲಿ ಲೇಪವೇ ಇಲ್ಲ. ಅದನ್ನು ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲಿ ತುಂಬಬೇಕೇ ಹೊರತು ಫಿಲ್ಮ್ ಮೇಲೆ ಉಜ್ಜಿ ಪ್ರಯೋಜನವಿಲ್ಲ.

ನೆಗೆಟಿವ್‌ಗಳು ಒಂದಕ್ಕೊಂದು, ಇಲ್ಲವೇ ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡಿವೆ.

ಎಳೆಯಬೇಡಿ. ತೇವದಲ್ಲಿ ಉಬ್ಬಿದ ಲೇಪ ನುಣ್ಣನೆಯ ಪ್ಲಾಸ್ಟಿಕ್‌ಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಮುಖ ಕವರಿನ ಪಾಲಾಗುತ್ತದೆ. ಕವರ್ ಪಾರದರ್ಶಕವಾಗಿದ್ದರೆ ಕವರಿನ ಸಮೇತ ಸ್ಕ್ಯಾನ್ ಮಾಡಿಬಿಡಿ. ಸ್ಪಷ್ಟತೆ ಕಡಿಮೆಯಾದರೂ ಒಂದು ದಾಖಲೆಯಂತೂ ಕೈಯಲ್ಲಿರುತ್ತದೆ. ಬಿಡಿಸುವ ಕೆಲಸ ತಜ್ಞರದ್ದು. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ವಿಚಾರಿಸಿ ನೋಡಿ.

ಅಜ್ಜನ ಸ್ಟುಡಿಯೊ ನೆಗೆಟಿವ್‌ನಲ್ಲಿ ಮುಖದ ಮೇಲೆ ಪೆನ್ಸಿಲ್ ಗೀಚಿದಂತಿದೆ. ಒರೆಸಲೇ?

ದಯವಿಟ್ಟು ಒರೆಸಬೇಡಿ. ಅದು ಕೊಳೆಯಲ್ಲ, ರೀಟಚಿಂಗ್ ಎಂಬ ಕಸುಬು. ಸ್ಟುಡಿಯೊದಲ್ಲಿ ಒಬ್ಬರು ಕಿಟಕಿಯ ಬೆಳಕಿಗೆ ಓರೆಯಾಗಿಟ್ಟ ಹಲಗೆಯ ಮೇಲೆ ನೆಗೆಟಿವ್ ಇಟ್ಟು, ತೆಳುವಾಗಿ ವಾರ್ನಿಷ್‌ನಂಥ ದ್ರವ ಹಚ್ಚಿ, ಸೂಜಿಯ ಮೊನೆಯಂತೆ ಹರಿತವಾದ ಪೆನ್ಸಿಲ್‌ನಿಂದ ಸಣ್ಣ ಸಣ್ಣ ಕೊಂಕುಗೆರೆ ಹಾಕುತ್ತಿದ್ದರು. ಮುಖದ ಸುಕ್ಕು, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಇವೆಲ್ಲ ನೆಗೆಟಿವ್‌ನಲ್ಲಿ ತಿಳಿಯಾದ ಜಾಗಗಳು. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟ್‌ನಲ್ಲಿ ಚರ್ಮ ನಯವಾಗಿ ಬರುತ್ತಿತ್ತು. ಎಲ್ಲಾದರೂ ಕಪ್ಪು ಹೆಚ್ಚಬೇಕಿದ್ದರೆ ಚಾಕುವಿನ ಮೊನೆಯಿಂದ ಲೇಪವನ್ನು ಕೂದಲೆಳೆಯಷ್ಟು ಕೆರೆಯುತ್ತಿದ್ದರು. ಹಿನ್ನೆಲೆ ಪೂರ್ತಿ ಬಿಳಿಯಾಗಬೇಕೆಂದರೆ ಸುತ್ತ ಕೆಂಪು ಬಣ್ಣ ಬಳಿಯುತ್ತಿದ್ದರು.

ನೆಗೆಟಿವ್ ಅನ್ನು ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ, ಕೆನ್ನೆಯ ಮೇಲೆ ಸೀಸದ ಹೊಳಪು ಕಾಣುತ್ತದೆ. ಆಲ್ಕೊಹಾಲ್ ತಾಗಿದರೆ ಆ ವಾರ್ನಿಷ್ ಕರಗಿ ಪೆನ್ಸಿಲ್ ಕೆಲಸವೂ ಹೋಗುತ್ತದೆ. ಆದ್ದರಿಂದ ಇಂಥ ನೆಗೆಟಿವ್‌ಗೆ ಕುಂಚ ಮತ್ತು ರಬ್ಬರ್ ಬುರುಡೆ ಒತ್ತಿ ಬಿಡುವ ಗಾಳಿ ಇಷ್ಟೇ ಸಾಕು. ಸ್ಕ್ಯಾನ್‌ನಲ್ಲಿ ಗೆರೆಗಳು ಎದ್ದು ಕಂಡರೆ ನನ್ನ ಅಭಿಪ್ರಾಯ ಹಾಗೆಯೇ ಬಿಡಿ ಎಂದೇ. ಹೆಸರು ಕೂಡ ಉಳಿಯದ ಒಬ್ಬ ಕುಶಲಕರ್ಮಿಯ ಕೈ ಅಲ್ಲಿದೆ.

ಯಾವುದನ್ನು ಮೊದಲು ಸ್ಕ್ಯಾನ್ ಮಾಡಬೇಕು? ಅತಿ ಹಳೆಯದನ್ನೇ?

ಹುಳಿ ವಾಸನೆಯವು ಮೊದಲು. ಆಮೇಲೆ, ಹಲವರಿಗೆ ಆಶ್ಚರ್ಯವಾಗಬಹುದು, 1970 ಮತ್ತು 80ರ ದಶಕದ ಬಣ್ಣದವು. ಕಪ್ಪು ಬಿಳುಪು ಚಿತ್ರ ಲೋಹದ ಬೆಳ್ಳಿಯಿಂದಾದದ್ದು. ಆಗ ಡೆವಲಪ್ ಮಾಡುವಾಗ ಚೆನ್ನಾಗಿ ತೊಳೆದಿದ್ದರೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ಬಣ್ಣದ ಫಿಲ್ಮ್‌ನಲ್ಲಿ ಉಳಿಯುವುದು ವರ್ಣದ್ರವ್ಯ ಮಾತ್ರ, ಕತ್ತಲಲ್ಲಿಟ್ಟರೂ ಅದು ಮಾಸುತ್ತದೆ. ಅಜ್ಜನ ಮದುವೆಗಿಂತ ನಿಮ್ಮ ನಾಮಕರಣದ ಚಿತ್ರಕ್ಕೇ ಅಪಾಯ ಹೆಚ್ಚು.

ಸ್ಕ್ಯಾನರ್ ಕೊಳ್ಳಲೇ, ಕ್ಯಾಮೆರಾದಲ್ಲೇ ತೆಗೆಯಲೇ? ಮೊಬೈಲ್ ಸಾಲದೇ?

ಕಚೇರಿಯ ಸಾಮಾನ್ಯ ಸ್ಕ್ಯಾನರ್‌ನಿಂದ ಆಗುವುದಿಲ್ಲ. ನೆಗೆಟಿವ್‌ಗೆ ಹಿಂದಿನಿಂದ ಬೆಳಕು ಬೇಕು. 120 ಫಿಲ್ಮ್ ಹೆಚ್ಚಿದ್ದರೆ ಮುಚ್ಚಳದಲ್ಲಿ ದೀಪವಿರುವ ಫ್ಲಾಟ್‌ಬೆಡ್ ಸ್ಕ್ಯಾನರ್ ಒಳ್ಳೆಯದು. 35 ಎಂಎಂ ಮಾತ್ರ ಇದ್ದರೆ ಫಿಲ್ಮ್‌ಗೆಂದೇ ಇರುವ ಸ್ಕ್ಯಾನರ್ ಫ್ಲಾಟ್‌ಬೆಡ್‌ಗಿಂತ ಸ್ಪಷ್ಟ.

ಒಳ್ಳೆಯ ಡಿಜಿಟಲ್ ಕ್ಯಾಮೆರಾ ಈಗಾಗಲೇ ಇದ್ದವರಿಗೆ ನಾನು ಹೇಳುವುದು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ತಂದುಕೊಳ್ಳಿ ಎಂದು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ ನೇರ ಕೆಳಕ್ಕೆ ತಿರುಗಿಸಿ, ಕೆಳಗೆ ಸಮನಾದ ಬಿಳಿ ಬೆಳಕಿನ ಫಲಕ, ಅದರ ಮೇಲೆ ಫಿಲ್ಮ್ ಚಪ್ಪಟೆಯಾಗಿ ಹಿಡಿಯುವ ಚೌಕಟ್ಟು. ಕೋಣೆ ಕತ್ತಲಿರಲಿ. ಐಎಸ್‌ಒ 100, ಎಫ್ 8, ರಾ ಫೈಲ್, ಟೈಮರ್ ಹಾಕಿ ಕ್ಲಿಕ್. ಬೆಳಕಿನ ಫಲಕದ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 95 ಅಥವಾ ಹೆಚ್ಚಿರಲಿ, ಇಲ್ಲದಿದ್ದರೆ ಬಣ್ಣ ಕೊನೆಗೂ ಕೂರುವುದಿಲ್ಲ. ಲೇಪದ ಬದಿ ಲೆನ್ಸಿನ ಕಡೆಗಿರಲಿ, ಆಮೇಲೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಕೊಂಡರಾಯಿತು. ಕೈ ಕುದುರಿದ ಮೇಲೆ ಸ್ಕ್ಯಾನರ್‌ಗಿಂತ ಎಷ್ಟೋ ಬೇಗ ಕೆಲಸ ಸಾಗುತ್ತದೆ.

ಮೊಬೈಲ್ ಯಾವ ಪಟ್ಟಿಯಲ್ಲಿ ಏನಿದೆ ಎಂದು ಗುರುತಿಸಲು ಬಹಳ ಉಪಯುಕ್ತ. ಅದನ್ನೇ ಅಂತಿಮ ಪ್ರತಿಯೆಂದುಕೊಳ್ಳಬೇಡಿ.

ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ)?

35 ಎಂಎಂಗೆ 3200ರಿಂದ 4000, 120 ಫಿಲ್ಮ್‌ಗೆ 2400. 4000 ಡಿಪಿಐನಲ್ಲಿ 35 ಎಂಎಂ ಚಿತ್ರ ಸುಮಾರು 21 ಮೆಗಾಪಿಕ್ಸೆಲ್ ಆಗುತ್ತದೆ. ಗೋಡೆಗೆ ಹಾಕುವ ದೊಡ್ಡ ಪ್ರಿಂಟ್‌ಗೂ ಸಾಕು. ಫ್ಲಾಟ್‌ಬೆಡ್‌ಗಳ ಡಬ್ಬಿಯ ಮೇಲೆ 6400 ಎಂದು ಬರೆದಿರುತ್ತದೆ, ಅಷ್ಟು ವಿವರವನ್ನು ಅವು ನಿಜಕ್ಕೂ ಹಿಡಿಯುವುದಿಲ್ಲ. ಮೂಲ ಪ್ರತಿ 16 ಬಿಟ್ ಟಿಫ್ (ವಿವರ ಕಳೆಯದೆ ಉಳಿಸುವ ಫೈಲ್ ಬಗೆ) ಆಗಿರಲಿ. ಬಣ್ಣದ್ದಾದರೆ 4000 ಡಿಪಿಐನಲ್ಲಿ ಒಂದೊಂದು ಫೈಲ್ ಸುಮಾರು 128 ಎಂಬಿ ಬರುತ್ತದೆ, ಹಾರ್ಡ್ ಡಿಸ್ಕ್‌ನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಹಂಚಲು ಜೆಪೆಗ್ ಬೇರೆ ಮಾಡಿಕೊಳ್ಳಿ.

ಸ್ಕ್ಯಾನರ್‌ನಲ್ಲಿ ಧೂಳು ತೆಗೆಯುವ ‘ಡಿಜಿಟಲ್ ಐಸ್’ ಹಾಕಿದರೆ ಕಪ್ಪು ಬಿಳುಪು ಚಿತ್ರ ಹಾಳಾಗುತ್ತಿದೆ.

ಆಗಲೇಬೇಕು. ಅದು ಅತಿಗೆಂಪು ಬೆಳಕಿನಲ್ಲಿ ಧೂಳನ್ನು ಹುಡುಕುತ್ತದೆ. ಬಣ್ಣದ ಫಿಲ್ಮ್‌ನ ವರ್ಣದ್ರವ್ಯ ಆ ಬೆಳಕನ್ನು ಬಿಡುತ್ತದೆ, ಬೆಳ್ಳಿ ತಡೆಯುತ್ತದೆ; ಯಂತ್ರ ಚಿತ್ರವನ್ನೇ ಧೂಳೆಂದು ತಿಳಿಯುತ್ತದೆ. ಕಪ್ಪು ಬಿಳುಪಿಗೆ ಅದನ್ನು ಆಫ್ ಮಾಡಿ, ಧೂಳನ್ನು ಮೊದಲೇ ಗಾಳಿಯಿಂದ ಹಾರಿಸಿ.

ಬಣ್ಣದ ನೆಗೆಟಿವ್ ಅನ್ನು ಕಂಪ್ಯೂಟರಿನಲ್ಲಿ ಪಾಸಿಟಿವ್ ಆಗಿ ತಿರುಗಿಸಿದರೆ ಎಲ್ಲವೂ ನೀಲಿಯೋ ನೇರಳೆಯೋ ಆಗುತ್ತದೆ.

ಕಿತ್ತಳೆ ತಳದ ಲೆಕ್ಕ ಕಳೆಯದೆ ತಿರುಗಿಸಿದ್ದೀರಿ. ಸ್ಕ್ಯಾನ್ ಮಾಡುವಾಗ ಚಿತ್ರದ ಸುತ್ತಲಿನ ಖಾಲಿ ಅಂಚನ್ನೂ ಸ್ವಲ್ಪ ಸೇರಿಸಿ. ಅಲ್ಲಿನ ಬಣ್ಣವನ್ನು ತಟಸ್ಥ ಎಂದು ತಂತ್ರಾಂಶಕ್ಕೆ ಹೇಳಿಕೊಟ್ಟು ಆಮೇಲೆ ತಿರುಗಿಸಿ. ಉಚಿತ ತಂತ್ರಾಂಶ ಡಾರ್ಕ್‌ಟೇಬಲ್‌ನಲ್ಲಿ ‘ನೆಗಾಡಾಕ್ಟರ್’ ಎಂಬ ವಿಭಾಗ ಇದಕ್ಕೆಂದೇ ಇದೆ. ಹಳೆಯ ಫಿಲ್ಮ್‌ನಲ್ಲಿ ಮೂರು ವರ್ಣ ಪದರಗಳು ಒಂದೇ ವೇಗದಲ್ಲಿ ಮಾಸಿರುವುದಿಲ್ಲ, ಹಾಗಾಗಿ ನೆರಳಿಗೊಂದು ಛಾಯೆ, ಬೆಳಕಿಗೊಂದು ಛಾಯೆ ಬರುತ್ತದೆ. ಕೆಂಪು, ಹಸಿರು, ನೀಲಿ ಕರ್ವ್‌ಗಳನ್ನು ಬೇರೆ ಬೇರೆಯಾಗಿ ತಿದ್ದಬೇಕು. ಮೊದಲು ಚರ್ಮದ ಬಣ್ಣ ಸರಿಮಾಡಿ. ಸೀರೆಯ ಬಣ್ಣವನ್ನು ಅದನ್ನು ಉಟ್ಟವರನ್ನೇ ಕೇಳಿ. ಎಷ್ಟೋ ಸಲ ಆ ಸೀರೆ ಪೆಟ್ಟಿಗೆಯಲ್ಲಿ ಇನ್ನೂ ಇರುತ್ತದೆ.

ಎಐ ಆ್ಯಪ್‌ನಲ್ಲಿ ಹಾಕಿದರೆ ಮುಖ ಎಷ್ಟು ಚೆನ್ನಾಗಿ ಬರುತ್ತದೆ! ಬಳಸಬಹುದಲ್ಲವೇ?

ಗೀರು, ಧೂಳು ತೆಗೆಯಲು ಬಳಸಿ. ಮುಖವನ್ನು ಅದಕ್ಕೆ ಒಪ್ಪಿಸಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮಸುಕಾದ ಮುಖದಲ್ಲಿ ಇಲ್ಲದ ವಿವರವನ್ನು ಆ್ಯಪ್ ಬೇರೆ ಸಾವಿರಾರು ಮುಖಗಳಿಂದ ಊಹಿಸಿ ಬರೆಯುತ್ತದೆ. ಮೂಗುಬೊಟ್ಟು ಮಾಯವಾಗುತ್ತದೆ, ಹಣೆಯ ಕುಂಕುಮದ ಆಕಾರ ಬದಲಾಗುತ್ತದೆ, ಉಬ್ಬುಹಲ್ಲು ಸಾಲಾಗಿ ಕೂರುತ್ತದೆ. ಅವರನ್ನು ನೋಡಿದವರು ಇರುವವರೆಗೆ ಯಾರಾದರೂ ‘ಇದು ಅವಳಲ್ಲ’ ಎನ್ನುತ್ತಾರೆ. ಆಮೇಲೆ ಹೇಳುವವರೇ ಇರುವುದಿಲ್ಲ, ಆ್ಯಪ್ ಬರೆದ ಮುಖವೇ ಮುತ್ತಜ್ಜಿಯ ಮುಖವಾಗಿ ಉಳಿಯುತ್ತದೆ. ಬಣ್ಣ ತುಂಬಿದ ಪ್ರತಿ ಬೇಕೇ ಬೇಕೆಂದರೆ ಫೈಲಿನ ಹೆಸರಿನಲ್ಲೇ ‘ಎಐ ಬಣ್ಣ’ ಎಂದು ಬರೆದಿಡಿ, ತಿದ್ದದ ಸ್ಕ್ಯಾನ್ ಅನ್ನು ಎಂದಿಗೂ ಅಳಿಸಬೇಡಿ.

ತೊಳೆಯದ, ಅಂದರೆ ಡೆವಲಪ್ ಮಾಡಿಸದ ರೀಲು ಒಂದು ಸಿಕ್ಕಿದೆ. ಚಿತ್ರ ಬರಬಹುದೇ?

ಬರಬಹುದು. ತೆರೆದು ನೋಡಬೇಡಿ, ಒಂದು ಕ್ಷಣದ ಬೆಳಕು ಸಾಕು ಎಲ್ಲ ಮುಗಿಯಲು. ಮೂವತ್ತು ನಲವತ್ತು ವರ್ಷ ಹಳೆಯ ಬಣ್ಣದ ರೀಲನ್ನು ಕಪ್ಪು ಬಿಳುಪು ರಾಸಾಯನಿಕದಲ್ಲಿ ತೊಳೆಸುವುದು ಜಾಣತನ. ಬಣ್ಣ ಹೇಗೂ ಕೆಟ್ಟಿರುತ್ತದೆ, ಆಕೃತಿಯಾದರೂ ದಕ್ಕುತ್ತದೆ. ಕೊಡಕ್ರೋಮ್ ಎಂಬ ಕೊಡಕ್‌ನ ಬಣ್ಣದ ಸ್ಲೈಡ್ ಫಿಲ್ಮ್ ಆಗಿದ್ದರೆ ಬೇರೆ ದಾರಿಯೇ ಇಲ್ಲ, ಅದನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಕೊನೆಯ ಲ್ಯಾಬ್ 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು.

ಅಂಗಡಿಗೆ ಕೊಡುವುದಾದರೆ ಏನು ಕೇಳಬೇಕು?

ಟಿಫ್ ಕೊಡುತ್ತೀರಾ, ಯಾವ ಡಿಪಿಐ, ಪಟ್ಟಿಗಳನ್ನು ಕತ್ತರಿಸುತ್ತೀರಾ, ನೆಗೆಟಿವ್ ನಿಮ್ಮಲ್ಲೇ ಇರುತ್ತದೆಯೇ ಅಥವಾ ಬೇರೆ ಊರಿಗೆ ಹೋಗುತ್ತದೆಯೇ. ಎಣಿಸಿ ಕೊಟ್ಟು ರಸೀದಿ ಪಡೆಯಿರಿ. ಮೊದಲು ಒಂದೇ ಪಟ್ಟಿ ಕೊಟ್ಟು ಕೆಲಸ ನೋಡಿ. ಪ್ರಿಂಟ್‌ನಂತೆ ಥಳಥಳ ಹೊಳೆಯುವ ಫೈಲ್ ಬಂದರೆ ಮೆಚ್ಚಿಕೊಳ್ಳಬೇಡಿ. ಮೂಲ ಸ್ಕ್ಯಾನ್ ಸ್ವಲ್ಪ ಸಪ್ಪೆಯಾಗಿಯೇ ಇರಬೇಕು, ಆಗಲೇ ಬಿಳಿಯಲ್ಲೂ ಕಪ್ಪಿನಲ್ಲೂ ವಿವರ ಉಳಿದಿರುತ್ತದೆ.

ಚಿತ್ರದಲ್ಲಿರುವವರು ಯಾರೆಂದೇ ಗೊತ್ತಿಲ್ಲ.

ಹಾಗಾದರೆ ಸ್ಕ್ಯಾನ್ ಗುಣಮಟ್ಟದ ಯೋಚನೆ ಬದಿಗಿಡಿ, ಮೊಬೈಲಿನಲ್ಲೇ ತೆಗೆದು ತಿರುಗಿಸಿ, ಈ ವಾರವೇ ಮನೆಯ ಹಿರಿಯರ ಮುಂದೆ ಕೂರಿ. ಫಿಲ್ಮ್ ಇನ್ನು ಹತ್ತು ವರ್ಷ ಕಾಯಬಹುದು, ದೊಡ್ಡಮ್ಮನ ನೆನಪು ಕಾಯುವುದಿಲ್ಲ. ‘ಇದು ಯಾರು’ ಎಂದಷ್ಟೇ ಕೇಳಿದರೆ ಒಂದು ಹೆಸರು ಬರುತ್ತದೆ. ‘ಇದು ಯಾರ ಮನೆಯ ಜಗಲಿ, ಆ ಲಂಗ ಯಾರು ಹೊಲಿದದ್ದು, ಮೂಲೆಯಲ್ಲಿರುವ ಸೈಕಲ್ ಯಾರದ್ದು’ ಎಂದು ಕೇಳಿದರೆ ಮಾತು ಹರಿಯುತ್ತದೆ, ಅವರೇ ವರ್ಷವನ್ನೂ ಹೇಳುತ್ತಾರೆ: ಚಿಕ್ಕಪ್ಪನ ಉಪನಯನದ ವರ್ಷ, ಬಾವಿ ತೋಡಿಸಿದ ವರ್ಷ ಎಂದು. ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ಫೈಲಿನ ವಿವರಣೆಯ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ: ಎಡದಿಂದ ಬಲಕ್ಕೆ ಹೆಸರು, ತವರು, ಸಂಬಂಧ. ‘ಅತ್ತೆ’ ಎಂದು ಬರೆದರೆ ಸಾಲದು, ಯಾರಿಗೆ ಅತ್ತೆ ಎಂಬುದು ಮೊಮ್ಮಕ್ಕಳಿಗೆ ತಿಳಿಯಬೇಕು.

ಸ್ಟುಡಿಯೊದವರು ತೆಗೆದ ಚಿತ್ರದ ಹಕ್ಕು ಯಾರದ್ದು?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ನೆಗೆಟಿವ್ ಎಂಬ ವಸ್ತು ಯಾರ ಬಳಿಯಿದೆ ಎಂಬುದು ಬೇರೆ ಮಾತು. ಹಿಂದೆ ಸ್ಟುಡಿಯೊಗಳು ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದವು. ನಿಮ್ಮ ಊರಿನ ಹಳೆಯ ಸ್ಟುಡಿಯೊ ಮುಚ್ಚುತ್ತಿದೆಯೆಂದರೆ ಪ್ರಿಂಟ್‌ನ ಹಿಂದಿರುವ ಸಂಖ್ಯೆ ಬರೆದುಕೊಂಡು ಹೋಗಿ ಕೇಳಿ. ಗುಜರಿಗೆ ಹೋಗುವ ಮುಂಚೆ ಹೋಗಿ.

ಸ್ಕ್ಯಾನ್ ಆಯಿತಲ್ಲ, ನೆಗೆಟಿವ್ ಎಸೆಯಬಹುದೇ?

ಇಲ್ಲ. ಮುಂದೆ ಇನ್ನೂ ಒಳ್ಳೆಯ ಸ್ಕ್ಯಾನರ್ ಬರುತ್ತದೆ, ಡಿಸ್ಕ್ ಕೆಡುತ್ತದೆ, ಪಾಸ್‌ವರ್ಡ್ ಮರೆತುಹೋಗುತ್ತದೆ. ನೆಗೆಟಿವ್ ಓದಲು ಬೆಳಕು ಮತ್ತು ಕಣ್ಣು ಸಾಕು.

ಹಾಗಾದರೆ ಎಲ್ಲಿ, ಹೇಗೆ ಇಡಬೇಕು?

ಹೆಂಚಿನ ಕೆಳಗಿನ ಅಟ್ಟದಲ್ಲಿ ಬೇಡ, ಹೊರಗೋಡೆಗೆ ತಾಗಿದ ಅಲ್ಮೇರಾದಲ್ಲಿ ಬೇಡ, ದೇವರ ಕೋಣೆಯ ಹೊಗೆಯಲ್ಲಿ ಬೇಡ. ಮನೆಯ ನಡುವಿನ ಕೋಣೆಯ ಒಳಗೋಡೆಯ ಬದಿ, ನೆಲದಿಂದ ಮೇಲೆ ಇಡಿ. ತೇವಾಂಶ ಶೇಕಡ 30ರಿಂದ 50ರೊಳಗೆ ಇರಬೇಕು. ಅಗ್ಗದ ತೇವಮಾಪಕ ಒಂದನ್ನು ಡಬ್ಬಿಯೊಳಗೆ ಹಾಕಿಡಿ. ಗಾಳಿ ಹೋಗದ ಡಬ್ಬಿ ಮತ್ತು ಸಿಲಿಕಾ ಜೆಲ್ ನಮ್ಮ ಮಳೆಗಾಲಕ್ಕೆ ತಕ್ಕದ್ದು, ಆದರೆ ಹುಳಿ ವಾಸನೆಯವನ್ನು ಅದರಲ್ಲಿ ಇಡುವಂತಿಲ್ಲ. ಪಿವಿಸಿ ಕವರ್ ಬೇಡ, ಪಾಲಿಪ್ರೊಪಿಲೀನ್ ಅಥವಾ ಆಮ್ಲರಹಿತ ಕಾಗದ ಆಗಬಹುದು. ಕರಾವಳಿಯವರು ಕಾಗದವನ್ನೇ ಆರಿಸಿ, ಅಂಟಿಕೊಳ್ಳುವ ಭಯ ಕಡಿಮೆ. ನುಸಿಗುಳಿಗೆ ಹಾಕಬೇಡಿ. ಜಿರಲೆಗೆ ಜೆಲಾಟಿನ್ ಆಹಾರವೆಂಬುದು ನೆನಪಿರಲಿ.

ಫ್ರಿಜ್‌ನಲ್ಲಿ ಇಡುವುದಾದರೆ ಬೇಸಿಗೆಯ ಒಣ ದಿನ ನೋಡಿ ಎರಡು ಜಿಪ್ ಚೀಲದೊಳಗೆ ಮುಚ್ಚಿ ಇಡಿ. ಹೊರತೆಗೆದಾಗ ಕೋಣೆಯ ಶಾಖಕ್ಕೆ ಬರುವವರೆಗೆ, ಅಂದರೆ ಒಂದು ದಿನ, ಚೀಲ ಬಿಚ್ಚಬೇಡಿ. ಬಿಚ್ಚಿದರೆ ಫಿಲ್ಮ್ ಮೇಲೆ ನೀರು ಕೂರುತ್ತದೆ.

ಫೈಲ್‌ಗಳನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದೇನೆ, ಸಾಲದೇ?

ಸಾಲದು. ಸಾಮಾನ್ಯವಾಗಿ ಕಳಿಸಿದ ಫೋಟೊವನ್ನು ಅದು ಕುಗ್ಗಿಸುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ: ಹಳೆಯ ನಿಯಮ, ಈಗಲೂ ಸರಿ. ತಂಗಿಯ ಮನೆಯಲ್ಲೊಂದು ಹಾರ್ಡ್ ಡಿಸ್ಕ್ ಇಡಿ, ವರ್ಷಕ್ಕೊಮ್ಮೆ ದೀಪಾವಳಿಗೆ ಹೋದಾಗ ತೆರೆದು ನೋಡಿ.

ಸಾರ್ವಜನಿಕ ಸಂಗ್ರಹಕ್ಕೆ ಕೊಡಬಹುದೇ?

ಸಾಮಾನ್ಯ ಮನೆಯ ಚಿತ್ರಗಳಿಗೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಊರಿನ ಸಂತೆ, ಶಾಲೆಯ ಗುಂಪು ಚಿತ್ರ, ಅಣೆಕಟ್ಟಿನಲ್ಲಿ ಮುಳುಗಿದ ಹಳ್ಳಿಯ ಮನೆ ಇವು ಇತಿಹಾಸದ ದಾಖಲೆಗಳೇ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಕಲಾ ಮತ್ತು ಛಾಯಾಚಿತ್ರ ಸಂಗ್ರಹಾಲಯದಂಥ ಸಂಸ್ಥೆಗಳಿಗೆ ಮೊದಲು ಪತ್ರ ಬರೆದು, ಕೆಲವು ಸ್ಕ್ಯಾನ್ ಮಾತ್ರ ಕಳಿಸಿ. ಕೊಡುವ ಮುನ್ನ ಮನೆಯವರೆಲ್ಲರ ಒಪ್ಪಿಗೆ ಪಡೆಯಿರಿ. ಮೂಲ ಕೊಡುತ್ತೀರೋ ಪ್ರತಿಯೋ, ಯಾವ ಚಿತ್ರ ಜನರಿಗೆ ತೋರಿಸಬಹುದು, ಯಾವುದು ಬೇಡ ಎಂಬುದನ್ನು ಬರಹದಲ್ಲಿಡಿ. ಹೆಸರುಗಳ ಪಟ್ಟಿಯನ್ನೂ ಜೊತೆಗೇ ಕೊಡಿ.